ಸ್ಟೋರಕ್ಕನ ಆರು ಸಾವಿರ ಗುಂಡು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಒಂದು ಮೊಳೆ ಬೇಕಾದರೂ ಉಗ್ರಾಣ ನೋಡಿಕೊಳ್ಳುವ ಸ್ಟೋರಕ್ಕನ ಕಿಟಕಿಗೆ ಹೋಗಬೇಕು. ಹೋದರೆ ಸಾಲದು, ಚೀಟಿ ಬೇಕು. ಚೀಟಿ ಇದ್ದರೆ ಸಾಲದು, ಅದರ ಮೇಲೆ ಸೂಪರ್‌ವೈಸರ್ ಸಹಿ ಬೇಕು. ಸಹಿ ಇದ್ದು ತಾರೀಖು ಮರೆತಿದ್ದರೆ, ಆಕೆ ಆ ಚೀಟಿಯನ್ನು ಎರಡೇ ಬೆರಳಲ್ಲಿ ಹಿಡಿದು, ಸತ್ತ ಜಿರಲೆಯನ್ನು ಎತ್ತಿ ಹಾಕುವ ಹಾಗೆ ವಾಪಸ್ ಕೊಡುತ್ತಾಳೆ. ಇಪ್ಪತ್ತಾರು ವರ್ಷದಿಂದ ಹೀಗೇ. ಒಮ್ಮೆ ಮ್ಯಾನೇಜರು ತಮ್ಮ ಪೆನ್ನಿಗೆ ರೀಫಿಲ್ ಬೇಕೆಂದು ಖುದ್ದಾಗಿ ಬಂದು, ಚೀಟಿ ಬರೆಯಲು ಪೆನ್ನಿಲ್ಲದೆ ಹಿಂದಿರುಗಿದರಂತೆ. ಇದು ಕಟ್ಟುಕತೆ ಎನ್ನುವವರೂ ಇದ್ದಾರೆ. ಸ್ಟೋರಕ್ಕ ಮಾತ್ರ ಇದುವರೆಗೂ ಅಲ್ಲಗಳೆದಿಲ್ಲ.

ಇಂಥ ಹೆಂಗಸು ಐವತ್ತೈದನೇ ವಯಸ್ಸಿನಲ್ಲಿ, ಫೋನಿನೊಳಗೆ ಜೋಂಬಿಗಳನ್ನು ಹೊಡೆದುರುಳಿಸುವ ಆಟಕ್ಕೆ ಬಿದ್ದಳು ಎಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ. ಆಕೆ ಜೋಂಬಿ ಹೊಡೆಯಲು ಹೋದವಳಲ್ಲ. ತಮ್ಮನ ಬಾಯಲ್ಲಿ ಮತ್ತೊಮ್ಮೆ "ಅಕ್ಕ" ಅನ್ನಿಸಿಕೊಳ್ಳಬೇಕಿತ್ತು, ಅಷ್ಟೇ.

ಆಕೆಗೆ ಇರುವವನು ಒಬ್ಬನೇ ತಮ್ಮ. ಅದೇ ಕಾರ್ಖಾನೆಯಲ್ಲಿ ಫಿಟ್ಟರು. ಆಕೆಗಿಂತ ಆರು ವರ್ಷ ಚಿಕ್ಕವನು, ಹೆಚ್ಚುಕಮ್ಮಿ ಆಕೆಯ ಸೊಂಟದ ಮೇಲೇ ಬೆಳೆದವನು. ಈ ಆಟ ಶುರುವಾಗುವುದಕ್ಕೆ ಮೂರೂವರೆ ವರ್ಷ ಮೊದಲು ಒಂದು ಮಧ್ಯಾಹ್ನ, ರಟ್ಟು ಕತ್ತರಿಸುವ ಯಂತ್ರದ ಬ್ಲೇಡು ಬದಲಿಸಬೇಕಾಗಿ ಬಂತು. ಬ್ಲೇಡು ಮುಟ್ಟುವವರು ದಪ್ಪ ಗ್ಲೌಸು ಹಾಕಿಕೊಳ್ಳಲೇಬೇಕು. ಗ್ಲೌಸಿನ ನಿಯಮ ಸರಳ: ಹಳೇ ಜೊತೆ ವಾಪಸ್ ಕೊಟ್ಟರೆ ಹೊಸ ಜೊತೆ, ಹಳೇದಿಲ್ಲದಿದ್ದರೆ ಸಹಿ ಮಾಡಿಸಿದ ಚೀಟಿ. ತಮ್ಮ ಬರಿಗೈಯಲ್ಲಿ ಬಂದು ಕಿಟಕಿಯಲ್ಲಿ ನಿಂತ.

"ಅಕ್ಕ, ಒಂದ್ ಜೊತೆ ಗ್ಲೌಸ್ ಕೊಡೇ. ಬೇಗ."

"ಹಳೇದೆಲ್ಲಿ?"

"ಕಳೆದೋಯ್ತು."

"ಹಾಗಾದ್ರೆ ಚೀಟಿ ತಗೊಂಡ್ ಬಾ."

"ಸೂಪರ್‌ವೈಸರ್ ಊಟಕ್ಕೆ ಹೋಗಿದಾರೆ. ಮಿಷನ್ ನಿಂತಿದೆ ಕಣೇ. ಅಕ್ಕಾ, ಕೊಡೇ."

"ಊಟ ಮುಗಿಸ್ಕೊಂಡು ಬರ್ಲಿ. ಚೀಟಿ ಇಲ್ದೆ ನಮ್ಮಪ್ಪ ಬಂದ್ರೂ ಕೊಡಲ್ಲ."

ಅವಳಪ್ಪ ಎಂದರೆ ಅವನಪ್ಪನೂ ಹೌದು. ತೀರಿಕೊಂಡು ಆಗಲೇ ಹನ್ನೊಂದು ವರ್ಷವಾಗಿತ್ತು, ಬರುವ ಸಂಭವ ಇರಲಿಲ್ಲ. ತಮ್ಮ ಮುಖ ಗಂಟು ಹಾಕಿಕೊಂಡು ಹೋದ. ಬರಿಗೈಯಲ್ಲೇ ಬ್ಲೇಡಿಗೆ ಕೈ ಹಾಕಿದ. ಬಲಗೈ ಹೆಬ್ಬೆರಳಿನ ಮೇಲಿನ ಗೆಣ್ಣು ಹೋಯಿತು.

ವಿಚಾರಣೆ ನಡೆಯಿತು. ಸ್ಟೋರಿನವರದು ಎಳ್ಳಷ್ಟೂ ತಪ್ಪಿಲ್ಲ ಎಂದು ಬರೆದು ಕೊಟ್ಟರು. ಆ ಕಾಗದ ಈಗಲೂ ಆಕೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ ಇದೆ. ಓದಿಕೊಂಡು ಸಮಾಧಾನ ಮಾಡಿಕೊಳ್ಳೋಣವೆಂದು ಮೂರು ನಾಲ್ಕು ಸಲ ತೆಗೆದದ್ದುಂಟು. ಅದರಲ್ಲಿ ಸಮಾಧಾನ ಆಗುವಂಥದ್ದು ಏನೂ ಬರೆದಿರಲಿಲ್ಲ.

ತಮ್ಮ ಎರಡು ತಿಂಗಳಿಗೆ ಕೆಲಸಕ್ಕೆ ಮರಳಿದ. ಕಾರ್ಖಾನೆಯವರು, ಕಾರ್ಖಾನೆಯವರ ಬಾಯಿ ನಿಮಗೆ ಗೊತ್ತಲ್ಲ, ಅವನಿಗೆ ಒಂಬತ್ತೂವರೆ ಎಂದು ಹೆಸರಿಟ್ಟರು. ಬೆರಳು ಎಣಿಸಿ ಇಟ್ಟ ಹೆಸರು. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಕರೆದರೆ ಓ ಎನ್ನುತ್ತಿದ್ದ. ಆದರೆ ಅಕ್ಕನ ಜೊತೆ ಮಾತು ಬಿಟ್ಟ. ಜಗಳವಿಲ್ಲ, ಬೈಗುಳವಿಲ್ಲ. ದಿನಾ ಕಿಟಕಿಗೆ ಬರುತ್ತಿದ್ದ. ಚೀಟಿ ಇಡುತ್ತಿದ್ದ. ಸಾಮಾನು ತೆಗೆದುಕೊಂಡು ತುಟಿ ಪಿಟಕ್ಕೆನ್ನದೆ ಹೋಗುತ್ತಿದ್ದ. ಆ ಚೀಟಿಗಳಾದರೂ ಎಂಥವು! ತಾರೀಖು, ಹೊತ್ತು, ಯಂತ್ರದ ನಂಬರು, ಸಾಮಾನಿನ ಅಳತೆ, ಸಹಿ, ಸಹಿಯ ಕೆಳಗೆ ಸಹಿ ಮಾಡಿದವರ ಪೂರ್ತಿ ಹೆಸರು. ಎಣ್ಣೆ ಒರೆಸುವ ಒಂದು ಹಿಡಿ ಹತ್ತಿ ಚಿಂದಿಗೂ ಅಂಥ ಚೀಟಿ. ಅಷ್ಟು ವರ್ಷ ಎಂಥ ಚೀಟಿ ಬರಲೆಂದು ಆಕೆ ಕಾದಿದ್ದಳೋ ಅಂಥದ್ದು ಕಡೆಗೂ ಬಂತು, ಬೇಡವಾದವನಿಂದಲ್ಲ, ಬೇಕಾದವನಿಂದಲೇ ಬಂತು, ಒಂದೊಂದೂ ಕಪಾಳಕ್ಕೆ ಹೊಡೆದ ಹಾಗಿರುತ್ತಿತ್ತು. ಹೆಬ್ಬೆರಳು ಮೊಟಕಾದ ಮೇಲೆ ಅವನು ಪೆನ್ನನ್ನು ಮಧ್ಯದ ಎರಡು ಬೆರಳ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದ. ಅಕ್ಷರಗಳೆಲ್ಲ ಎಡಕ್ಕೆ ವಾಲುತ್ತಿದ್ದವು. ಆಕೆ ಅದನ್ನು ನೋಡಿಯೂ ನೋಡದವಳಂತೆ ಕಡತಕ್ಕೆ ಸೇರಿಸುತ್ತಿದ್ದಳು.

ಹೀಗೆ ಮೂರೂವರೆ ವರ್ಷ. ಕಡೆಗೆ ತಲೆ ಹಾಕಿದವಳು ಸೊಸೆ, ಅಂದರೆ ಆ ತಮ್ಮನ ಮಗಳು. ಇಪ್ಪತ್ತಮೂರು ವರ್ಷದ ಹುಡುಗಿ, ಲ್ಯಾಬೊಂದರಲ್ಲಿ ಜನರ ರಕ್ತ ತೆಗೆಯುವ ಕೆಲಸ. ಅಪ್ಪ ಮಾತು ಬಿಟ್ಟರೂ ಅವಳು ಅತ್ತೆಯ ಮನೆ ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ಬಂದು ಅತ್ತೆಯ ಸಕ್ಕರೆ ಅಂಶ ನೋಡಲು ಸೂಜಿ ಚುಚ್ಚಿ ಹೋಗುತ್ತಿದ್ದಳು. ಒಂದು ಭಾನುವಾರ ರಕ್ತ ತೆಗೆದು, ಹತ್ತಿ ಒತ್ತಿ ಹಿಡಿದುಕೊಳ್ಳಲು ಹೇಳಿ, ಅತ್ತೆಯ ಮಡಿಲಲ್ಲಿದ್ದ ಫೋನು ಕಸಿದುಕೊಂಡಳು.

"ಅತ್ತೆ, ನಿಮ್ ಬೆರಳು ಸೆಟೆದುಕೊಳ್ತಾ ಇದೆ. ವ್ಯಾಯಾಮ ಬೇಕು. ಒಂದು ಆಟ ಹಾಕ್ಕೊಡ್ತೀನಿ."

"ಏನಾಟ?"

"ಸತ್ತೋರು ಎದ್ದು ಬರ್ತಾರೆ. ನಾವು ಗುಂಡು ಹೊಡೀಬೇಕು."

"ಯಾಕೆ?"

ಸೊಸೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಇಲ್ಲಾಂದ್ರೆ ಅವ್ರು ನಮ್ಮನ್ನ ತಿಂತಾರೆ," ಎಂದಳು. ಅತ್ತೆ ಕಾರಣವನ್ನು ಪರಿಶೀಲಿಸಿ ಒಪ್ಪಿದಳು.

ಆಟ ಇಷ್ಟೇ. ಮೂರು ಜನರ ತಂಡ. ಒಂದು ಹಾಳು ಗೋದಾಮು. ಸುತ್ತು ಸುತ್ತಾಗಿ ಜೋಂಬಿಗಳು ನುಗ್ಗುತ್ತವೆ, ಇಪ್ಪತ್ತು ಸುತ್ತು ತಡೆದುಕೊಂಡರೆ ಗೆದ್ದಂತೆ. ಗುಂಡು, ಬ್ಯಾಂಡೇಜು, ಔಷಧಿ ಎಲ್ಲವೂ ಗೋದಾಮಿನ ತುಂಬ ಅಲ್ಲಲ್ಲಿ ಬಿದ್ದಿರುತ್ತವೆ, ಹುಡುಕಿ ಇಟ್ಟುಕೊಳ್ಳಬೇಕು. ಆಡುವವರು ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬರಿಗೊಬ್ಬರು ಮಾತಾಡಬಹುದು. ಆಟಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದಿತ್ತು. ಸ್ಟೋರಕ್ಕನ ಮನೆಯಲ್ಲಿ ಅದಕ್ಕೆ 'ಎದ್ದೋರ ಆಟ' ಎಂದೇ ಹೆಸರಾಯಿತು.

ಮೊದಲ ದಿನ ಆಕೆಯ ಎದುರಿಗೆ ಒಂದು ಜೋಂಬಿ ಬಂದು ನಿಂತಿತು. ಅಂಗಿ ಹರಿದಿತ್ತು, ಅರ್ಧ ದವಡೆ ಇರಲಿಲ್ಲ. ಆಕೆ ಗುಂಡು ಹೊಡೆಯಲಿಲ್ಲ, ಕೂಗಿಕೊಳ್ಳಲೂ ಇಲ್ಲ. ಬಾಗಿಲು ಹಾಕಿದಳು. ಜೋಂಬಿ ಆ ಕಡೆ ಉಳಿಯಿತು. ಆಕೆ ಇದ್ದ ಕೋಣೆಯ ತುಂಬ ಸಾಮಾನು ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. "ಯಾರಪ್ಪ ಇದನ್ನೆಲ್ಲ ಹೀಗೆ ಬಿಸಾಕಿ ಹೋಗಿದ್ದು? ಮನುಷ್ಯರಾ ಇವರು?" ಎನ್ನುತ್ತ ಆಕೆ ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ತುಂಬತೊಡಗಿದಳು. ಸೊಸೆ ನೋಡುತ್ತ ನಿಂತಳು. ಆ ಆಟವನ್ನು ಲಕ್ಷಾಂತರ ಜನ ಆಡುತ್ತಾರಂತೆ. ಅಟ್ಟ ಗುಡಿಸುವವರ ಹಾಗೆ ಆಡಿದವಳನ್ನು ಅವಳು ನೋಡಿದ್ದು ಅದೇ ಮೊದಲು.

ತಂಡದ ಪೆಟ್ಟಿಗೆಗೆ ಒಬ್ಬರು ಕಾವಲು ಇರಬಹುದೆಂದು ಆಟದಲ್ಲೇ ಅನುಕೂಲವಿತ್ತು. ಉಳಿದವರಿಗೆ ಗುಂಡು ಬೇಕಾದರೆ ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಕಾಗದದ ಚಿತ್ರವಿದೆ, ಅದನ್ನು ಒತ್ತಬೇಕು. ಆಗ ಪೆಟ್ಟಿಗೆಯವರ ಪರದೆಯ ಮೇಲೆ ಆ ಕಾಗದ ಬರುತ್ತದೆ, ಇಂಥವರಿಗೆ ಇಷ್ಟು ಗುಂಡು ಎಂದು. ಇವರು ಸರಿ ಎಂದು ಒತ್ತಿದರೆ ಅವರಿಗೆ ಹೋಗುತ್ತದೆ. ಕಾಗದ ಇಲ್ಲದೆ ಕೊಡಬೇಕಾದರೆ ಪೆಟ್ಟಿಗೆಯವರು ಕೋಣೆ ಬಿಟ್ಟು, ನಡೆದು ಹೋಗಿ, ಅವರ ಕಾಲ ಬಳಿ ಸುರಿಯಬೇಕು.

"ಚೀಟಿ!" ಎಂದಳು ಸ್ಟೋರಕ್ಕ. "ಇದನ್ನ ಮಾಡಿದೋರು ಯಾರೋ ಕೆಲಸ ಗೊತ್ತಿರೋರು."

ಮರುದಿನ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು ಕೂತಾಗ, ಸೊಸೆ ತಂಡಕ್ಕೆ ಮೂರನೆಯವರನ್ನು ಸೇರಿಸಿದ್ದಳು. ಪರದೆಯ ಮೇಲೆ ಹೆಸರು ಮೂಡಿತು: ಒಂಬತ್ತೂವರೆ. ಸೊಸೆ ಆಕೆಗೆ ಇಟ್ಟಿದ್ದ ಹೆಸರು 'ಸ್ಟೋರು'. ಅಂದಮೇಲೆ ಅವನಿಗೂ ಗೊತ್ತಾಗಿರಲೇಬೇಕು. ಬಿಟ್ಟು ಹೋಗುತ್ತಾನೆ ಎಂದು ಕಾದಳು. ಅವನು ಹೋಗಲಿಲ್ಲ. ಕಿವಿಯೊಳಗೆ, ಮೂರೂವರೆ ವರ್ಷದ ಮೇಲೆ, ಅವನ ಗಂಟಲು ಕೇಳಿಸಿತು.

"ಮಗಳೇ, ಆ ಸ್ಟೋರ್‌ನೋರಿಗೆ ಹೇಳು, ಉತ್ತರದ ಬಾಗಿಲು ಹಾಕ್ಬೇಕು ಅಂತ."

"ಅತ್ತೆ, ಉತ್ತರದ ಬಾಗಿಲು ಹಾಕ್ಬೇಕಂತೆ."

"ಹಾಕಿ ಆಯ್ತು ಅಂತ ಆ ಫಿಟ್ಟರ್‌ಗೆ ಹೇಳು."

"ಅಪ್ಪ, ಹಾಕಿ ಆಯ್ತಂತೆ."

ಮೂವರ ಕಿವಿಗೂ ಮೂವರ ಮಾತೂ ಕೇಳುತ್ತಿತ್ತು. ಆದರೂ ಪ್ರತಿಯೊಂದು ಮಾತೂ ಆ ಹುಡುಗಿಯ ಬಾಯಿಯಿಂದ ಹಾದೇ ಹೋಗಬೇಕು. ಜೋಂಬಿ ಹೆಗಲ ಮೇಲೆ ಬಿದ್ದಿದ್ದರೂ ಅವಳು ಆ ಕಡೆಯ ಮಾತು ಈ ಕಡೆ, ಈ ಕಡೆಯದು ಆ ಕಡೆ ಹೊರುತ್ತಿದ್ದಳು. ಹಾಗೆ ಹೊರುವಾಗಲೇ ನಾಲ್ಕು ಸಲ ಸತ್ತಳು.

ಹೀಗೆ ಮೂರು ತಿಂಗಳು ಆಡಿದರು. ವಾರದ ದಿನ ಸಂಜೆ ಒಂದು ಗಂಟೆ ಹೊತ್ತು, ಭಾನುವಾರ ಮಧ್ಯಾಹ್ನ ಊಟ ಮುಗಿಸಿ. ಸ್ಟೋರಕ್ಕನ ಯಜಮಾನರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಪಕ್ಕದಲ್ಲಿ ಈರುಳ್ಳಿ ಸುಲಿಯುತ್ತ ಹೆಂಡತಿಯ ಫೋನಿಗೆ ಕತ್ತು ಚಾಚುತ್ತಿದ್ದರು.

"ಸತ್ತೋರು ಎಷ್ಟು ಚುರುಕಾಗಿದಾರೆ ನೋಡೇ. ನಮ್ಮಾಫೀಸಲ್ಲಿ ಬದುಕಿದ್ದೋರೇ ಇಷ್ಟು ಓಡಾಡಿದ್ದು ನಾನು ಕಾಣೆ."

"ಸುಮ್ನಿರಿ. ಹತ್ತನೇ ಸುತ್ತು ನಡೀತಿದೆ."

ತಮ್ಮನದು ಗುರಿ ಕೆಟ್ಟದು. ಹತ್ತು ಗುಂಡು ಹೊಡೆದರೆ ಆರು ಗೋಡೆಗೆ. ಗುಂಡು ಹೊಡೆಯುವುದು ಬಲ ಹೆಬ್ಬೆರಳಿನಿಂದ, ಆ ಹೆಬ್ಬೆರಳಿಗೆ ತುದಿಯೇ ಇಲ್ಲ. ಗೋಡೆಗೆ ಬಿದ್ದ ಒಂದೊಂದು ಗುಂಡೂ ಸ್ಟೋರಕ್ಕನ ಹೊಟ್ಟೆಗೆ ಬಂದು ಚುಚ್ಚುತ್ತಿತ್ತು. ಒಮ್ಮೆ ಎಂಟನೇ ಸುತ್ತಿನಲ್ಲಿ ಆಕೆಯ ಕೋಣೆಯ ಬಾಗಿಲಿಗೇ ಐದಾರು ಜೋಂಬಿಗಳು ಮುತ್ತಿಕೊಂಡವು. ಒಂಬತ್ತೂವರೆ ಎಲ್ಲಿದ್ದನೋ, ಓಡಿಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಸುತ್ತು ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಸುತ್ತು ಮುಗಿದ ಮೇಲೆ, "ಆ ಸ್ಟೋರ್‌ನೋರಿಗೆ ಏನೂ ಆಗಿಲ್ವಾ ಕೇಳು," ಎಂದ. ಸೊಸೆ ಕೇಳಿದಳು. ಆಗಿಲ್ಲ ಎಂದಳು ಸ್ಟೋರಕ್ಕ. ಯಜಮಾನರ ಈರುಳ್ಳಿ ಅಂದು ಬಹಳ ಘಾಟು ಎಂದು ಎದ್ದು ಹೋಗಿ ಮುಖ ತೊಳೆದುಕೊಂಡಳು.

ಆದರೂ ಗುಂಡು ಕೊಡುವಾಗ ಮಾತ್ರ ಕೈ ಬಿಗಿ. ಯಾರು ಎಷ್ಟೇ ಕೇಳಲಿ, ಒಂದು ಕಾಗದಕ್ಕೆ ಮೂವತ್ತೇ ಗುಂಡು. ಪೆಟ್ಟಿಗೆಯಲ್ಲಿ ಸಾವಿರಗಟ್ಟಲೆ ಕೂಡಿದ್ದವು. ಸೊಸೆ ಗೋಗರೆದಳು.

"ಅತ್ತೆ, ಆರು ಸಾವಿರ ಇದೆ! ಒಂದೇ ಸಲ ಇನ್ನೂರು ಕೊಟ್ರೆ ಏನಾಗುತ್ತೆ?"

"ಕಷ್ಟಕಾಲಕ್ಕೆ ಬೇಕು."

"ಇದೇ ಕಷ್ಟಕಾಲ ಅತ್ತೆ! ಹೊರಗಡೆ ಎಲ್ಲಾ ಸತ್ತೋಗಿದಾರೆ!"

ಆಕೆ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಇಷ್ಟರಿಂದಾಗಿ ಅವರು ಹದಿಮೂರನೇ ಸುತ್ತನ್ನು ದಾಟಿದ್ದೇ ಇಲ್ಲ, ಆರು ಸಾವಿರ ಗುಂಡು ಇಟ್ಟುಕೊಂಡು ಗುಂಡಿಲ್ಲದೆ ಸಾಯುತ್ತಿದ್ದರು. ಸೊಸೆ ಇದು ಜಿಪುಣತನ ಎಂದುಕೊಂಡಿದ್ದಳು. ಯಜಮಾನರು ಚಟ ಎಂದುಕೊಂಡಿದ್ದರು. ಎರಡೂ ಸ್ವಲ್ಪ ಸ್ವಲ್ಪ ನಿಜವೇ. ಪೂರ್ತಿ ನಿಜ ಬೇರೆ ಇತ್ತು, ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಮೂವತ್ತು ಗುಂಡು ಬೇಗ ಮುಗಿಯುತ್ತದೆ. ಮುಗಿದರೆ ಅವನು ಮತ್ತೆ ಕಾಗದ ಕಳಿಸುತ್ತಾನೆ. ಪರದೆಯ ಮೇಲೆ ತಮ್ಮನ ಹೆಸರು ಮೂಡುತ್ತದೆ, ಏನೋ ಬೇಕು ಎಂದು ತನ್ನನ್ನು ಕೇಳುತ್ತದೆ. ಇನ್ನೂರು ಕೊಟ್ಟುಬಿಟ್ಟರೆ ಅವನು ಮತ್ತೆ ಯಾವಾಗ ಕೇಳಿಯಾನು?

ಇನ್ನೊಂದು ತಪ್ಪು ತಿಳಿವಳಿಕೆಯೂ ಇತ್ತು. ಈ ಆಟ ಮೂರು ತಿಂಗಳ ಕಂತಿನಲ್ಲಿ ನಡೆಯುತ್ತದೆ. ಅಲ್ಲಿಯವರೆಗೆ ಎಷ್ಟು ಸಲ ಸತ್ತರೂ ಪೆಟ್ಟಿಗೆಯ ಸಾಮಾನು ಹಾಗೇ ಇರುತ್ತದೆ, ಕಂತು ಮುಗಿದ ಕ್ಷಣ ಉಳಿದದ್ದೆಲ್ಲ ಸೊನ್ನೆ. ಇದನ್ನು ಸೊಸೆ ಮೂರು ಸಲ ಹೇಳಿದ್ದಳು. ಸ್ಟೋರಕ್ಕ ಮೂರು ಸಲವೂ ಹೂಂ ಎಂದಿದ್ದಳು, ತಲೆಗೆ ಮಾತ್ರ ಇಳಿಸಿಕೊಂಡಿರಲಿಲ್ಲ. ತಿಂಗಳ ಕೊನೆಗೆ ಉಳಿದ ದಾಸ್ತಾನು ಮುಂದಿನ ತಿಂಗಳ ಮೊದಲನೇ ಸಾಲಿನಲ್ಲಿ ಬಂದು ಕೂರದಿರುವ ಪ್ರಪಂಚ ಒಂದಿದೆ ಎಂದರೆ, ಇಪ್ಪತ್ತಾರು ವರ್ಷ ಸ್ಟೋರು ನೋಡಿಕೊಂಡವರು ಹೇಗೆ ನಂಬುತ್ತಾರೆ ಹೇಳಿ. ಸತ್ತವರು ಎದ್ದು ಬರುವುದನ್ನಾದರೂ ಆಕೆ ನಂಬಿದ್ದಳು.

ಕಂತು ಮುಗಿಯಲು ಒಂದು ವಾರವಿದ್ದಾಗ ಸೊಸೆ ಬಂದು, ರಕ್ತ ತೆಗೆಯದೆ ಸುಮ್ಮನೆ ಕೂತಳು.

"ಅತ್ತೆ, ನನಗೆ ಬೇರೆ ಊರಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಬರೋ ಸೋಮವಾರ ಹೋಗ್ತೀನಿ."

"ಒಳ್ಳೇದಾಯ್ತು ಕಣಮ್ಮ. ಆಟ?"

"ಅಲ್ಲಿ ಪಾಳಿ ಕೆಲಸ, ಹೊತ್ತು ಗೊತ್ತು ಇರಲ್ಲ. ಆಡಕ್ಕಾಗಲ್ಲ. ಈ ಭಾನುವಾರ ಐದು ಗಂಟೆಗೆ ಕಂತು ಮುಗಿಯುತ್ತೆ, ನಂದೂ ಅಲ್ಲಿಗೇ ಮುಗೀತು." ಅತ್ತೆಯ ಕೈ ಹಿಡಿದು ಹೇಳಿದಳು: "ನಾನು ಹೋದ್ಮೇಲೆ ನಿಮ್ಮಿಬ್ರ ಮಧ್ಯೆ ಮಾತು ಯಾರು ಹೊರ್ತಾರೆ ಅತ್ತೆ? ನೀವೇ ಒಂದು ಮಾತು ಆಡಿ ನೋಡ್ಬಾರ್ದಾ?"

"ನಾನೇನು ಬೇಡ ಅಂದಿದೀನಾ? ಅವನು ಅಕ್ಕ ಅನ್ನಲಿ, ಓ ಅಂತೀನಿ."

"ಅಪ್ಪನೂ ಇದನ್ನೇ ಅಂತಾರೆ."

"ಏನಂತಾನೆ?"

"ಅವಳು ಕರೀಲಿ, ಓ ಅಂತೀನಿ ಅಂತ."

ಆ ವಾರವೆಲ್ಲ ಸ್ಟೋರಕ್ಕ ಕಿಟಕಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ತಮ್ಮ ಬಂದ, ಚೀಟಿ ಇಟ್ಟ, ಹೋದ. ಕರೆಯಲು ಐದು ಸಲ ಬಾಯಿ ತೆರೆದಳು. ಐದು ಸಲವೂ ಬಾಯಿಂದ ಬಂದದ್ದು "ಹೂಂ, ಸರಿಯಾಗಿದೆ" ಎಂಬುದು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಕೂತರು. ಸೊಸೆ ತನ್ನ ಮನೆಯ ಕೋಣೆಯಲ್ಲಿ ಅರ್ಧ ಕಟ್ಟಿದ ಪೆಟ್ಟಿಗೆಯ ಮೇಲೆ, ಅವಳಪ್ಪ ಅದೇ ಮನೆಯ ಪಡಸಾಲೆಯಲ್ಲಿ, ಸ್ಟೋರಕ್ಕ ಎರಡು ಬೀದಿ ಆಚೆ ತನ್ನ ಮಂಚದ ಮೇಲೆ. ಅಂದು ಏನೋ ಹುಮ್ಮಸ್ಸು, ಹದಿಮೂರು ದಾಟಿತು. ಹದಿನಾಲ್ಕು, ಹದಿನೈದು. ಯಜಮಾನರು ಈರುಳ್ಳಿ ಕೆಳಗಿಟ್ಟರು. ಹದಿನಾರನೇ ಸುತ್ತಿನ ಕೊನೆಗೆ ಸೊಸೆಯನ್ನು ಮಹಡಿ ಮೆಟ್ಟಿಲ ಬಳಿ ಜೋಂಬಿಗಳು ಹಿಡಿದು ಕೆಡವಿದವು. ಸತ್ತವರು ಆ ಆಟ ಮುಗಿಯುವವರೆಗೆ ನೋಡಬಹುದು, ಆದರೆ ಮಾತಾಡುವಂತಿಲ್ಲ, ಅವರ ದನಿಯನ್ನು ಆಟವೇ ಕಟ್ಟುತ್ತದೆ. ಹಾಗಾಗಿ ಮಾತು ಹೊರುವವಳ ಬಾಯಿಗೆ ಬೀಗ ಬಿತ್ತು.

ಹದಿನೇಳನೇ ಸುತ್ತು ಶುರುವಾಯಿತು. ಗೋದಾಮಿನಲ್ಲಿ ಬದುಕಿದ್ದವರು ಇಬ್ಬರೇ, ಸ್ಟೋರು ಮತ್ತು ಒಂಬತ್ತೂವರೆ. ನಾಲ್ಕೂ ಕಡೆಯಿಂದ ಜೋಂಬಿಗಳು ನುಗ್ಗಿದವು. ತಮ್ಮನನ್ನು ಗೋದಾಮಿನ ನಡುವೆ ಕಂಬಕ್ಕೆ ಒತ್ತಿದವು. ಅವನ ಗುಂಡು ಇಪ್ಪತ್ತಕ್ಕೆ ಇಳಿಯಿತು, ಹತ್ತಕ್ಕೆ ಇಳಿಯಿತು. ಕಾಗದದ ಚಿತ್ರ ಇರುವುದು ಪರದೆಯ ಬಲ ಮೂಲೆಯಲ್ಲಿ. ತುದಿಯಿಲ್ಲದ ಹೆಬ್ಬೆರಳು ಅಲ್ಲಿಗೆ ಮುಟ್ಟಬೇಕಾದರೆ ಬಂದೂಕು ಬಿಡಬೇಕು. ಬಂದೂಕು ಬಿಟ್ಟರೆ ಮುಗಿಯಿತು. ಸ್ಟೋರಕ್ಕ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕಾಗದ ಬರಲೆಂದು ಪರದೆ ನೋಡುತ್ತಿದ್ದಳು. ಕಾಗದ ಬರಲಿಲ್ಲ.

ಕಿವಿಯೊಳಗೆ ಅವನು ಕೂಗಿದ.

"ಅಕ್ಕಾ, ಕೊಡೇ!"

ಅದೇ ಮಾತು. ಅದೇ ಗಂಟಲು. ಆಕೆಯ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡು "ಚೀ..." ಎಂದಿತು. ಅಷ್ಟರಲ್ಲೇ ಆಕೆ ಬಾಯಿ ಕಚ್ಚಿಕೊಂಡಳು, ನಿಜವಾಗಿಯೂ ಕಚ್ಚಿಕೊಂಡಳು, ತುಟಿಯಲ್ಲಿ ರಕ್ತ ಬಂತು.

"ಬಂದೆ ಕಣೋ!"

ಮೂರು ತಿಂಗಳಲ್ಲಿ ಮೊದಲ ಸಲ, ಸುತ್ತು ನಡೆಯುತ್ತಿರುವಾಗಲೇ ಕೋಣೆಯ ಬಾಗಿಲು ತೆರೆದು ಹೊರಬಿದ್ದಳು. ಬಾಗಿಲು ಹಾಕಲಿಲ್ಲ. ಹಿಂದೆ ತಿರುಗಿಯೂ ನೋಡಲಿಲ್ಲ. ಒಂದು ಜೋಂಬಿ ಭುಜ ಹಿಡಿಯಿತು, ಇನ್ನೊಂದು ಸೀಳಿತು, ಬಂದೂಕು ಹೇಗೆ ಹೊಡೆಯುವುದೆಂದು ಆಕೆಗೆ ಗೊತ್ತೇ ಇರಲಿಲ್ಲ. ಎದ್ದುಬಿದ್ದು ಕಂಬದ ತನಕ ಹೋಗಿ ಅವನ ಕಾಲ ಬಳಿ ಎಲ್ಲವನ್ನೂ ಸುರಿದಳು. ಆರು ಸಾವಿರದ ನಾನೂರ ಹನ್ನೆರಡು ಗುಂಡು, ಮುನ್ನೂರು ಬ್ಯಾಂಡೇಜು. ಗೋದಾಮಿನ ನೆಲವೇ ಕಾಣದ ಹಾಗಾಯಿತು.

"ಅಯ್ಯಯ್ಯೋ, ಇಷ್ಟೊಂದು ಇಟ್ಕೊಂಡಿದ್ಯೇನೇ?" ಎಂದ ತಮ್ಮ.

ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತರು. ಅವನು ಗೋಡೆಗೂ ಹೊಡೆದ, ಜೋಂಬಿಗಳಿಗೂ ಹೊಡೆದ, ಗುಂಡಿಗೇನೂ ಬರವಿರಲಿಲ್ಲ. ಹದಿನೆಂಟು ಮುಗಿಯಿತು. ಹತ್ತೊಂಬತ್ತರ ಮಧ್ಯೆ ಇಬ್ಬರೂ ಒಟ್ಟಿಗೇ ಸತ್ತರು.

ಆಟ ಮುಗಿದಾಗ ಐದಕ್ಕೆ ನಾಲ್ಕು ನಿಮಿಷವಿತ್ತು, ಹೊಡೆಯದೆ ಉಳಿದ ಗುಂಡು ಮತ್ತೆ ಪೆಟ್ಟಿಗೆಗೆ ಬಂದು ಸೇರಿತ್ತು. ಮತ್ತೊಂದಕ್ಕೆ ಯಾರೂ ಕೈ ಹಾಕಲಿಲ್ಲ, ಎಲ್ಲರೂ ಸುಸ್ತು. ಸೊಸೆಯ ದನಿಯ ಕಟ್ಟೂ ಬಿಟ್ಟಿತ್ತು. ಐದು ಹೊಡೆಯಿತು. ಪೆಟ್ಟಿಗೆಯ ಲೆಕ್ಕ ತೋರಿಸುವ ಜಾಗದಲ್ಲಿ ಒಂದು ಸೊನ್ನೆ ಬಂದು ಕೂತಿತು.

"ಮಿಕ್ಕಿದ್ದೆಲ್ಲಿ?" ಎಂದಳು ಸ್ಟೋರಕ್ಕ.

"ಹೋಯ್ತು ಅತ್ತೆ. ಮೂರು ಸಲ ಹೇಳಿದ್ದೆ."

"ಮುಂದಿನ ಕಂತಿಗೆ ಬರಲ್ವಾ?"

"ಬರಲ್ಲ."

ಸ್ಟೋರಕ್ಕ ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಯಾರೂ ಕೇಳದಿದ್ದರೂ ಹೇಳತೊಡಗಿದಳು. ಸೊಸೆಯ ಮೂಲಕವಲ್ಲ, ನೇರವಾಗಿ.

"ಆವತ್ತು ನೀನು ಹೋದ್ಮೇಲೆ ನನಗೆ ತಡೀಲಿಲ್ಲ ಕಣೋ. ಒಂದು ಜೊತೆ ಗ್ಲೌಸ್ ತೆಗೆದೆ, ಕೊಟ್ಟು ಬರೋಣ ಅಂತ. ಸ್ಟೋರ್ ತೆರೆದಿಟ್ಟು ಹೋಗೋ ಹಾಗಿಲ್ವಲ್ಲ. ಒಂದು ಬೀಗ ಹಾಕಿದೆ. ಎರಡನೇ ಬೀಗ ಸಿಕ್ಕಿಹಾಕ್ಕೊಳ್ತು. ಅದನ್ನ ಹಾಕಿ, ಬೀಗದ ಪುಸ್ತಕದಲ್ಲಿ ಸಹಿ ಮಾಡಿ ತಿರುಗೋ ಹೊತ್ತಿಗೆ ನೀನು ಕೂಗ್ಕೊಂಡೆ. ಒಂದು ಬೀಗ ಬಿಟ್ಟು ಬಂದಿದ್ರೆ ಸಾಕಿತ್ತು. ಆ ಜೊತೆ ಇನ್ನೂ ನನ್ನ ಡ್ರಾಯರಲ್ಲಿದೆ. ಯಾರಿಗೂ ಕೊಟ್ಟಿಲ್ಲ."

ಆ ಕಡೆ ತಮ್ಮ ಗಂಟಲು ಸರಿಮಾಡಿಕೊಂಡ.

"ಅಕ್ಕ. ಹಳೇ ಜೊತೆ ಕಳೆದಿರ್ಲಿಲ್ಲ."

"ಏನು?"

"ಸ್ಕೂಟರ್ ಡಿಕ್ಕಿಯಲ್ಲಿತ್ತು. ಸ್ಕೂಟರ್ ರಿಪೇರಿಗೆ ಚೆನ್ನಾಗಿತ್ತು, ಅದನ್ನ ಮನೇಗೆ ಇಟ್ಕೊಂಡು ಹೊಸದು ಹೊಡ್ಕೊಳ್ಳೋಣ ಅಂತ ಕಳೆದೋಯ್ತು ಅಂದೆ. ನೀನು ಕೊಡಲ್ಲ ಅಂದ್ಯಲ್ಲ, ಕೋಪ ಬಂತು. ಎರಡು ನಿಮಿಷ ಹೋಗಿ ತರಬಹುದಿತ್ತು. ತರಲಿಲ್ಲ. ಬೆರಳು ಹೋದ್ಮೇಲೆ ಎಲ್ರೂ ನಿನ್ನನ್ನ ಅಂದ್ರು, ನಾನು ಸುಮ್ನಿದ್ದೆ. ಆಮೇಲೆ ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

ಸ್ಟೋರಕ್ಕ ಮಂಚದಿಂದ ಎದ್ದು ನಿಂತಳು.

"ಮೂರೂವರೆ ವರ್ಷ! ಅಯೋಗ್ಯ! ಮೂರೂವರೆ ವರ್ಷ ನಾನು ಅನ್ನ ನುಂಗಕ್ಕಾಗ್ದೆ ಒದ್ದಾಡಿದೀನಿ, ಇವನು ಡಿಕ್ಕೀಲಿ ಇಟ್ಕೊಂಡಿದ್ನಂತೆ! ಅಷ್ಟು ಚೆಂದ ಚೆಂದ ಚೀಟಿ ಬರ್ಕೊಂಡು ಬರ್ತಿದ್ಯಲ್ಲೋ, ನಾಚ್ಕೆ ಆಗ್ಲಿಲ್ವಾ ನಿಂಗೆ?"

"ಆಗ್ತಿತ್ತು. ಅದಕ್ಕೇ ಚೆನ್ನಾಗಿ ಬರೀತಿದ್ದೆ."

ಆಕೆ ಬೈದಳು. ಕಾಲು ಗಂಟೆ ಬೈದಳು. ಅವನು ಹೂಂ ಹೂಂ ಎನ್ನುತ್ತಿದ್ದ, ನಡುವೆ ಮೂಗು ಏರಿಸಿಕೊಂಡ ಸದ್ದು ಬರುತ್ತಿತ್ತು. ಸೊಸೆ ಮೆಲ್ಲಗೆ ತನ್ನ ಫೋನನ್ನು ಆರಿಸಿ ಪೆಟ್ಟಿಗೆ ಕಟ್ಟಲು ಹೋದಳು. ಯಜಮಾನರು ಈರುಳ್ಳಿ ತಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ನಡೆಯುತ್ತ, "ಎದ್ದೋರಲ್ಲಿ ಇವನೂ ಒಬ್ಬ," ಎಂದು ಗೋಡೆಗೆ ಹೇಳಿದರು.

ಸೋಮವಾರ ಬೆಳಿಗ್ಗೆ ಮಗಳನ್ನು ಬಸ್ಸು ಹತ್ತಿಸಿ ತಮ್ಮ ನೇರ ಕಾರ್ಖಾನೆಗೆ ಬಂದ. ಹತ್ತೂವರೆಗೆ ಬ್ಲೇಡು ಬದಲಿಸಬೇಕಿತ್ತು. ಕಿಟಕಿಯ ಮುಂದೆ ನಾಲ್ಕೈದು ಜನ ಸಾಲಿನಲ್ಲಿದ್ದರು, ಒಬ್ಬೊಬ್ಬರ ಕೈಯಲ್ಲೂ ಚೀಟಿ. ಅವನ ಸರದಿ ಬಂತು. ಅವನ ಕೈಯಲ್ಲಿ ಏನೂ ಇರಲಿಲ್ಲ.

"ಅಕ್ಕ, ಒಂದ್ ಜೊತೆ ಗ್ಲೌಸ್ ಕೊಡೇ."

"ಹಳೇದೆಲ್ಲಿ?"

"ಡಿಕ್ಕೀಲಿದೆ."

"ಚೀಟಿ?"

"ಇಲ್ಲ."

ಹಿಂದೆ ನಿಂತವರು ಕತ್ತು ಚಾಚಿದರು. ಒಂಬತ್ತೂವರೆ ಮೂರೂವರೆ ವರ್ಷದ ಮೇಲೆ ಬಾಯಿ ಬಿಟ್ಟಿದ್ದೇ ದೊಡ್ಡದು, ಬಿಟ್ಟ ಬಾಯಲ್ಲಿ ಇಂಥ ಮಾತು! ಸ್ಟೋರಕ್ಕ ಅವನ ಮುಖ ನೋಡಿದಳು. ಬಗ್ಗಿ ಕೆಳಗಿನ ಡ್ರಾಯರು ಎಳೆದಳು. ಹಳೇ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಜೊತೆಯನ್ನು ಬಿಚ್ಚಿ ಕಿಟಕಿಯ ಮೇಲಿಟ್ಟಳು. ಅವನು ಅಲ್ಲೇ ಹಾಕಿಕೊಂಡ. ಬಲಗೈಯಲ್ಲಿ ಹೆಬ್ಬೆರಳಿನ ತುದಿ ಖಾಲಿ ಉಳಿದು ಜೋತುಬಿತ್ತು. ಆಕೆ ಕೈ ಚಾಚಿ ಆ ಖಾಲಿ ತುದಿಯನ್ನು ಒಳಕ್ಕೆ ಮಡಚಿ, ಒಂದು ರಬ್ಬರು ಸುತ್ತಿ ಬಿಗಿ ಮಾಡಿದಳು.

"ನಾಳೆ ಚೀಟಿ ತಂದ್ಕೊಡು," ಎಂದಳು.

"ಆಯ್ತಕ್ಕ."

ಮರುದಿನ ಅವನು ಚೀಟಿ ತರಲಿಲ್ಲ. ಅದರ ಮರುದಿನವೂ ತರಲಿಲ್ಲ. ಇದಾಗಿ ಈಗ ಎಂಟು ತಿಂಗಳು. ಸ್ಟೋರಕ್ಕ ದಿನಾ ಬೆಳಿ‌ಗ್ಗೆ ಕಿಟಕಿಯಲ್ಲಿ ಅವನನ್ನು ನಿಲ್ಲಿಸಿಕೊಂಡು ಎಲ್ಲೋ ಆ ಚೀಟಿ ಎಂದು ಕೇಳುತ್ತಾಳೆ. ಅವನು ದಿನಾ, ನಾಳೆ ತರ್ತೀನಕ್ಕ ಎನ್ನುತ್ತಾನೆ.